ಬ್ರಿಟನ್ನಿನ ಸಾರಿಗೆ ಸರ್ಕಾರದ ಕೈಗೂ ಖಾಸಗಿಯವರ ಕೈಗೂ ಇಷ್ಟು ಸಲ ಬದಲಾದದ್ದೇಕೆ?

ಪ್ರಶ್ನೆ: ಇತಿಹಾಸ ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಆರ್ಥಿಕ ಇತಿಹಾಸದ ಪತ್ರಿಕೆಗಾಗಿ ಬ್ರಿಟನ್ನಿನ ಸಾರಿಗೆಯ ಒಡೆತನದ ಬಗ್ಗೆ ಪ್ರಬಂಧವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಓದಿದಷ್ಟೂ ಗೊಂದಲ ಹೆಚ್ಚುತ್ತಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ.

ಆ ದೇಶದ ರೈಲುಮಾರ್ಗಗಳನ್ನು ಹಾಕಿದವರು ಖಾಸಗಿ ಕಂಪನಿಗಳವರು. 1948ರ ಜನವರಿ 1ರಂದು ಅವು ಸರ್ಕಾರದ ಪಾಲಾದವು. 1990ರ ದಶಕದಲ್ಲಿ ಮತ್ತೆ ಖಾಸಗಿಯವರಿಗೆ ಮಾರಾಟವಾದವು. ಈಗ 2024ರ ಕಾಯ್ದೆಯ ಪ್ರಕಾರ ಪ್ರಯಾಣಿಕ ರೈಲುಗಳ ನಿರ್ವಹಣೆ ಒಂದೊಂದು ಗುತ್ತಿಗೆ ಮುಗಿದಂತೆಲ್ಲ ಸರ್ಕಾರಕ್ಕೆ ಮರಳುತ್ತಿದೆ. ನಾನು ನೋಡಿದ ಬರಹಗಳಲ್ಲಿ ಹೆಚ್ಚಿನವು ಇದನ್ನು ಲೇಬರ್ ಮತ್ತು ಕನ್ಸರ್ವೇಟಿವ್ ಪಕ್ಷಗಳ ಸಿದ್ಧಾಂತದ ಜಗಳವೆಂದು ಹೇಳಿ ಮುಗಿಸುತ್ತವೆ. ಆದರೆ ಲಂಡನ್ ನಗರದ ಸಾರಿಗೆಯನ್ನೆಲ್ಲ ಒಂದು ಸಾರ್ವಜನಿಕ ಮಂಡಳಿಗೆ ವಹಿಸಿದ 1933ರ ಕಾಯ್ದೆಯನ್ನು ಅಂಗೀಕರಿಸಿದ್ದು ಕನ್ಸರ್ವೇಟಿವರೇ ಬಹುಮತದಲ್ಲಿದ್ದ ಸಂಸತ್ತು. ಸಾವಿರಾರು ಮೈಲಿ ಹಳಿಯನ್ನು ಮುಚ್ಚಿದ್ದು ಲಾಭಕೋರ ಕಂಪನಿಯಲ್ಲ, ಸರ್ಕಾರಿ ರೈಲ್ವೆ. ಹಾಗಿದ್ದ ಮೇಲೆ ಸಿದ್ಧಾಂತವೊಂದರಿಂದಲೇ ಈ ಕಥೆಯನ್ನು ವಿವರಿಸಲು ಸಾಧ್ಯವೇ? ಬೇರೆ ಯಾವ ಎಳೆಯನ್ನು ಹಿಡಿದು ಓದಬೇಕು?

ಉತ್ತರ 1: ನಿವೃತ್ತ ಅಧ್ಯಾಪಕ

ತಮ್ಮ ಅನುಮಾನ ಸರಿಯಾಗಿಯೇ ಇದೆ. ಒಡೆಯ ಯಾರು ಎಂದು ಕೇಳುವುದಕ್ಕಿಂತ, ಸವೆದುಹೋದದ್ದನ್ನು ರಿಪೇರಿ ಮಾಡಿಸುವ ಖರ್ಚು ಯಾರ ತಲೆಯ ಮೇಲೆ ಬಿತ್ತು, ಅವರು ಅದನ್ನು ಹೊರಲಾರದೆ ಹೋದದ್ದು ಯಾವಾಗ ಎಂದು ಕೇಳುತ್ತಾ ಹೋಗಿ. ಒಡೆತನ ಕೈಬದಲಿಸಿದ ಪ್ರತಿಯೊಂದು ಸಂದರ್ಭದ ಹಿಂದೆಯೂ ಈ ಖರ್ಚಿನ ಪ್ರಶ್ನೆ ಇರುವುದು ಕಾಣುತ್ತದೆ.

ರೈಲಿಗಿಂತ ಹಿಂದಿನಿಂದಲೇ ಆರಂಭಿಸಬಹುದು. ಹದಿನೆಂಟನೆಯ ಶತಮಾನದಲ್ಲಿ ಹೆದ್ದಾರಿಗಳನ್ನು ಸುಂಕದ ಟ್ರಸ್ಟ್‌ಗಳಿಗೆ ವಹಿಸಲಾಗಿತ್ತು. ಊರಿನ ಜಮೀನುದಾರರೂ ವರ್ತಕರೂ ಸೇರಿ ಸಂಸತ್ತಿನಿಂದ ಒಂದು ಕಾಯ್ದೆ ಪಡೆದು, ಸಾಲ ಎತ್ತಿ ರಸ್ತೆ ಮಾಡಿಸಿ, ಗೇಟು ಹಾಕಿ ಸುಂಕ ವಸೂಲು ಮಾಡುತ್ತಿದ್ದರು. 1830ರ ದಶಕದ ಹೊತ್ತಿಗೆ ಇಂತಹ ಸಾವಿರಕ್ಕೂ ಹೆಚ್ಚು ಟ್ರಸ್ಟ್‌ಗಳ ಕೈಯಲ್ಲಿ ಸುಮಾರು 20,000 ಮೈಲಿ ರಸ್ತೆಯಿತ್ತು. ರೈಲು ಬಂದು ದೂರ ಪ್ರಯಾಣದ ಗಾಡಿಗಳು ನಿಂತಾಗ ಸುಂಕದ ಆದಾಯ ಬತ್ತಿತು, ಸಾಲ ಉಳಿಯಿತು. ಕೊನೆಗೆ 1888ರ ಸ್ಥಳೀಯ ಆಡಳಿತ ಕಾಯ್ದೆಯು ಮುಖ್ಯ ರಸ್ತೆಗಳನ್ನು ಕೌಂಟಿ ಪರಿಷತ್ತುಗಳಿಗೆ ಒಪ್ಪಿಸಿತು. ಇದನ್ನು ರಾಷ್ಟ್ರೀಕರಣವೆಂದು ಯಾರೂ ಕರೆಯಲಿಲ್ಲ, ಯಾವ ಪಕ್ಷವೂ ಅದಕ್ಕಾಗಿ ಹೋರಾಡಲಿಲ್ಲ. ಗುಂಡಿ ಮುಚ್ಚಿಸಲು ಯಾರಾದರೂ ಒಬ್ಬರು ಬೇಕಾಗಿತ್ತು, ಅಷ್ಟೇ.

ಇನ್ನು ರೈಲ್ವೆ. 1830ರಲ್ಲಿ ತೆರೆದ ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗದಿಂದ ಹಿಡಿದು ಎಲ್ಲವೂ ಖಾಸಗಿ ಬಂಡವಾಳದ್ದು ಎಂಬುದು ನಿಜ. ಆದರೆ ಅಡ್ಡ ಬಂದ ಜಮೀನನ್ನು ಕಡ್ಡಾಯವಾಗಿ ಕೊಳ್ಳುವ ಅಧಿಕಾರ ಸಂಸತ್ತಿನ ಕಾಯ್ದೆಯಿಲ್ಲದೆ ಸಿಗುತ್ತಿರಲಿಲ್ಲ. ಆ ಅಧಿಕಾರವನ್ನು ಕೊಟ್ಟ ಸಂಸತ್ತು ಬದಲಿಗೆ ಷರತ್ತುಗಳನ್ನೂ ಹಾಕಿತು. ಗ್ಲ್ಯಾಡ್‌ಸ್ಟನ್ ವಾಣಿಜ್ಯ ಮಂಡಳಿಯ ಅಧ್ಯಕ್ಷರಾಗಿದ್ದಾಗ ತಂದ 1844ರ ಕಾಯ್ದೆಯನ್ನು ದಯವಿಟ್ಟು ಗಮನವಿಟ್ಟು ಓದಿ. ಹೊಸ ಮಾರ್ಗಗಳಲ್ಲಿ ದಿನಕ್ಕೆ ಒಂದಾದರೂ ರೈಲು ಎಲ್ಲ ನಿಲ್ದಾಣಗಳಲ್ಲಿ ನಿಂತು, ಗಂಟೆಗೆ 12 ಮೈಲಿಗೆ ಕಡಿಮೆಯಾಗದ ವೇಗದಲ್ಲಿ ಓಡಬೇಕು; ಮೂರನೆಯ ದರ್ಜೆಯ ಪ್ರಯಾಣಿಕರಿಗೂ ಆಸನವಿರಬೇಕು, ಗಾಳಿಮಳೆಯಿಂದ ರಕ್ಷಣೆಯಿರಬೇಕು; ದರ ಮೈಲಿಗೆ ಒಂದು ಪೆನ್ನಿಯನ್ನು ಮೀರಬಾರದು. ಅದಕ್ಕೂ ಮುಂಚೆ ಬಡವರನ್ನು ಮೇಲ್ಛಾವಣಿಯಿಲ್ಲದ ತೆರೆದ ವ್ಯಾಗನ್ನುಗಳಲ್ಲಿ ಕೂರಿಸಿ ಒಯ್ಯುವುದಿತ್ತು. ಅದೇ ಕಾಯ್ದೆಯಲ್ಲಿ, 21 ವರ್ಷಗಳ ನಂತರ ಹೊಸ ಮಾರ್ಗಗಳನ್ನು ಸರ್ಕಾರವೇ ಕೊಳ್ಳಬಹುದೆಂಬ ಅವಕಾಶವೂ ಇತ್ತು. ಅದನ್ನು ಯಾವ ಸರ್ಕಾರವೂ ಬಳಸಲಿಲ್ಲ. ಆದರೂ ರಾಷ್ಟ್ರೀಕರಣದ ಬೀಜ ಕಾನೂನಿನ ಪುಸ್ತಕದಲ್ಲಿ ಬಿದ್ದದ್ದು ಲೇಬರ್ ಪಕ್ಷ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲು ಎಂಬುದನ್ನು ತಮ್ಮ ಪ್ರಬಂಧದಲ್ಲಿ ಹೇಳಲೇಬೇಕು.

ಟ್ರಾಮಿನ ವಿಷಯ ಇನ್ನೂ ಬೋಧಪ್ರದವಾಗಿದೆ. 1870ರ ಟ್ರಾಮ್ ಕಾಯ್ದೆಯು 21 ವರ್ಷಗಳ ನಂತರ ಊರಿನ ಆಡಳಿತ ಸಂಸ್ಥೆಯು ಟ್ರಾಮ್ ಮಾರ್ಗವನ್ನು ಕೊಳ್ಳಬಹುದೆಂದು ಹೇಳಿತು. ಬಿಟ್ಟುಹೋಗಲಿರುವ ಬಾಡಿಗೆ ಮನೆಗೆ ಯಾರು ಸುಣ್ಣ ಬಳಿಸುತ್ತಾರೆ? ಅವಧಿ ಸಮೀಪಿಸಿದಂತೆ ಕಂಪನಿಗಳು ಹೊಸ ಹಣ ಹಾಕುವುದನ್ನು ನಿಲ್ಲಿಸಿದವು. ವಿದ್ಯುತ್ ಟ್ರಾಮ್‌ಗೆ ಬಂಡವಾಳ ಹೂಡುವ ಕೆಲಸ ಬಹುತೇಕ ನಗರಸಭೆಗಳ ಪಾಲಿಗೆ ಬಂತು. 1894ರಲ್ಲಿ ಗ್ಲಾಸ್ಗೋ ನಗರಾಡಳಿತ ತನ್ನ ಟ್ರಾಮ್‌ಗಳನ್ನು ತಾನೇ ಓಡಿಸಲು ಆರಂಭಿಸಿತು.

ಮೊದಲ ಮಹಾಯುದ್ಧದಲ್ಲಿ ಸರ್ಕಾರ ರೈಲ್ವೆಗಳನ್ನು ತನ್ನ ಹತೋಟಿಗೆ ತೆಗೆದುಕೊಂಡು ದುಡಿಸಿತು. ಯುದ್ಧ ಮುಗಿದ ಮೇಲೆ 1921ರ ಕಾಯ್ದೆಯ ಮೂಲಕ ಸುಮಾರು 120 ಕಂಪನಿಗಳನ್ನು ನಾಲ್ಕಾಗಿ ಕೂಡಿಸಿತು. ಆ ನಾಲ್ಕಕ್ಕೂ ಒಂದು ಹಳೆಯ ಕಟ್ಟುಪಾಡು ಇತ್ತು: ಯಾರು ಯಾವ ಸರಕು ತಂದರೂ ಪ್ರಕಟಿತ ದರದಲ್ಲಿ ಸಾಗಿಸಲೇಬೇಕು. ಲಾರಿಯವನಿಗೆ ಆ ಕಟ್ಟುಪಾಡಿರಲಿಲ್ಲ. ಅವನು ರೈಲಿನ ದರಪಟ್ಟಿ ನೋಡಿಕೊಂಡು, ಲಾಭದ ಸರಕನ್ನು ಒಂದು ಕಾಸು ಕಡಿಮೆಗೆ ಎತ್ತಿಕೊಂಡು ಹೋಗುತ್ತಿದ್ದ. 1938ರಲ್ಲಿ ಕಂಪನಿಗಳು ನ್ಯಾಯಬೇಕೆಂದು ದೇಶದಾದ್ಯಂತ ಪ್ರಚಾರ ಮಾಡಿದವು. ಮರುವರ್ಷವೇ ಯುದ್ಧ ಬಂತು. 1948ರಲ್ಲಿ ಸರ್ಕಾರಕ್ಕೆ ಸಿಕ್ಕಿದ್ದು ಆರು ವರ್ಷ ರಿಪೇರಿಯಿಲ್ಲದೆ ದುಡಿದು ಸವೆದ ಹಳಿ ಮತ್ತು ಬೋಗಿ. ಷೇರುದಾರರಿಗೆ ಸಿಕ್ಕಿದ್ದು ಸರ್ಕಾರದ ಖಾತರಿಯಿದ್ದ, ಶೇ 3 ಬಡ್ಡಿಯ ಸಾಲಪತ್ರ.

ಉತ್ತರ 2: ಹಳಿ ಎಂಜಿನಿಯರ್, ಹುಬ್ಬಳ್ಳಿ

ಅಧ್ಯಾಪಕರು ರಿಪೇರಿಯ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ. ಬಹಳ ವರ್ಷ ಹಳಿ ನಿರ್ವಹಣೆಯ ಕೆಲಸದಲ್ಲೇ ಇದ್ದವನಾದ್ದರಿಂದ, 2000ನೆಯ ಇಸವಿಯ ಅಕ್ಟೋಬರ್ 17ರಂದು ಹ್ಯಾಟ್‌ಫೀಲ್ಡ್ ಬಳಿ ನಡೆದ ಅಪಘಾತವನ್ನು ನಾನು ಕೇವಲ ಸುದ್ದಿಯಾಗಿ ಓದಲಾರೆ.

ತಿರುವಿನಲ್ಲಿ ಗಾಲಿಯ ಅಂಚು ಹೊರಹಳಿಯ ತಲೆಯ ಒಳಮೂಲೆಯನ್ನು ಒತ್ತುತ್ತಾ ಉರುಳುತ್ತದೆ. ಲಕ್ಷಗಟ್ಟಲೆ ಗಾಲಿಗಳು ಹೀಗೆ ಉರುಳಿದ ಮೇಲೆ ಆ ಮೂಲೆಯಲ್ಲಿ ಕೂದಲೆಳೆಯಂತಹ ಬಿರುಕುಗಳು ಮೀನಿನ ಹುರುಪೆಯ ಹಾಗೆ ಸಾಲಾಗಿ ಏಳುತ್ತವೆ. ಆ ಹಂತದಲ್ಲಿ ಹಳಿಯನ್ನು ಉಜ್ಜುವ ಯಂತ್ರ ಓಡಿಸಿ ಮೇಲಿನ ಪದರವನ್ನು ತೆಗೆದುಬಿಟ್ಟರೆ ಹಳಿ ಇನ್ನೂ ಎಷ್ಟೋ ವರ್ಷ ಬಾಳುತ್ತದೆ. ಬಿಟ್ಟರೆ ಬಿರುಕು ಒಳಗೊಳಗೇ ಕೆಳಕ್ಕಿಳಿಯುತ್ತದೆ. ಆಗ ಉಳಿಯುವ ದಾರಿ ಎರಡೇ: ವೇಗ ತಗ್ಗಿಸಬೇಕು, ಇಲ್ಲವೇ ಹಳಿ ಬದಲಿಸಬೇಕು. ಹ್ಯಾಟ್‌ಫೀಲ್ಡಿನಲ್ಲಿ ಎರಡೂ ಆಗಲಿಲ್ಲ. ಲಂಡನ್ನಿನಿಂದ ಲೀಡ್ಸ್‌ಗೆ ಹೊರಟ ರೈಲು ಗಂಟೆಗೆ 115 ಮೈಲಿ ವೇಗದಲ್ಲಿ ಬಂದಾಗ ಹಳಿ ಮುನ್ನೂರಕ್ಕೂ ಹೆಚ್ಚು ಚೂರಾಯಿತು. ನಾಲ್ವರು ಸತ್ತರು.

ನನ್ನನ್ನು ಇಂದಿಗೂ ಕಾಡುವುದು, ಆ ಬಿರುಕು ಅಲ್ಲಿದೆಯೆಂಬುದು ಅಪಘಾತಕ್ಕೆ ತಿಂಗಳುಗಳ ಮೊದಲೇ ತಿಳಿದಿತ್ತು ಎಂಬ ಸಂಗತಿ. ಬದಲಿ ಹಳಿಯ ಏರ್ಪಾಡೂ ಆಗಿತ್ತು. 1993ರ ಕಾಯ್ದೆಯು ಒಂದೇ ಸಂಸ್ಥೆಯಾಗಿದ್ದ ರೈಲ್ವೆಯನ್ನು ಹೇಗೆ ಒಡೆದಿತ್ತೆಂದು ನೋಡಿ. ಹಳಿ ಮತ್ತು ಸಿಗ್ನಲ್ ರೈಲ್‌ಟ್ರ್ಯಾಕ್ ಎಂಬ ಕಂಪನಿಯದು. ಹಳಿ ನೋಡಿಕೊಳ್ಳುವವನು ಒಬ್ಬ ಗುತ್ತಿಗೆದಾರ, ಹೊಸ ಹಳಿ ಹಾಕುವವನು ಇನ್ನೊಬ್ಬ. ರೈಲು ಓಡಿಸುವ ಕಂಪನಿಗಳು 25. ಬೋಗಿಗಳ ಒಡೆತನ ಮತ್ತೆ ಬೇರೆ ಮೂರು ಕಂಪನಿಗಳದು. ಹಳಿ ಬದಲಿಸಲು ಮಾರ್ಗವನ್ನು ಕೆಲವು ಗಂಟೆ ಮುಚ್ಚಬೇಕು; ಮುಚ್ಚಿದರೆ ರೈಲು ಓಡಿಸುವ ಕಂಪನಿಗೆ ಪರಿಹಾರ ಕೊಡಬೇಕು. ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲ ಎನ್ನುತ್ತಾರಲ್ಲ, ಅದೇ ಆಯಿತು. ಪ್ರತಿಯೊಬ್ಬರ ಬಳಿಯೂ ಒಪ್ಪಂದದ ಕಾಗದವಿತ್ತು. ಈ ತಿರುವು ನನ್ನದು, ನಾನೇ ನೋಡಿಕೊಳ್ಳಬೇಕು ಎನ್ನುವ ಒಬ್ಬ ಮನುಷ್ಯ ಇರಲಿಲ್ಲ. ನಮ್ಮ ಕೆಲಸದಲ್ಲಿ ಒಬ್ಬ ಕೀಮ್ಯಾನ್ ದಿನಾ ತನ್ನ ಪಾಲಿನ ಹಳಿಯ ಮೇಲೆ ನಡೆಯುತ್ತಾನೆ. ಯಾವ ಬೋಲ್ಟು ಸಡಿಲ, ಎಲ್ಲಿ ಜಲ್ಲಿ ಕುಸಿದಿದೆ ಎಂಬುದು ಅವನಿಗೆ ತನ್ನ ಅಂಗಳದಷ್ಟೇ ಪರಿಚಿತ. ರೈಲ್‌ಟ್ರ್ಯಾಕ್ ಬಳಿ ತನ್ನ ಸ್ವತ್ತಿನ ಸ್ಥಿತಿಗತಿಯ ಸಮರ್ಪಕವಾದ ದಾಖಲೆಯೇ ಇರಲಿಲ್ಲ. ಅದಕ್ಕಾಗಿಯೇ ಅಪಘಾತದ ನಂತರ ಇಂತಹ ಬಿರುಕು ಇನ್ನೆಲ್ಲಿದೆಯೋ ತಿಳಿಯದೆ ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಕಡೆ ವೇಗಮಿತಿ ಹೇರಬೇಕಾಯಿತು, ತಿಂಗಳುಗಟ್ಟಲೆ ರೈಲು ಸಂಚಾರ ಅಸ್ತವ್ಯಸ್ತವಾಯಿತು.

ಅದರ ಪರಿಹಾರ, ದುರಸ್ತಿಗಳ ವೆಚ್ಚದಲ್ಲಿ ಆ ಕಂಪನಿ ಚೇತರಿಸಿಕೊಳ್ಳಲಿಲ್ಲ. 2001ರ ಅಕ್ಟೋಬರ್‌ನಲ್ಲಿ ಅದನ್ನು ದಿವಾಳಿಯಂಚಿನ ಕಂಪನಿಗಳನ್ನು ನೋಡಿಕೊಳ್ಳುವ ಆಡಳಿತಾಧಿಕಾರಿಗಳಿಗೆ ಒಪ್ಪಿಸಲಾಯಿತು; ಮರುವರ್ಷ ಅದರ ಜಾಗಕ್ಕೆ ಲಾಭಾಂಶ ಹಂಚದ ನೆಟ್‌ವರ್ಕ್ ರೈಲ್ ಎಂಬ ಸಂಸ್ಥೆ ಬಂದಿತು. ಅದು ಮಾಡಿದ ಮೊದಲ ದೊಡ್ಡ ಕೆಲಸವೆಂದರೆ ಹಳಿ ನಿರ್ವಹಣೆಯನ್ನು ಗುತ್ತಿಗೆದಾರರಿಂದ ಬಿಡಿಸಿ ತನ್ನ ಸ್ವಂತ ನೌಕರರಿಗೆ ವಹಿಸಿದ್ದು. ನನ್ನ ಮಟ್ಟಿಗೆ ಇಡೀ ಇತಿಹಾಸದಲ್ಲಿ ಅತ್ಯಂತ ಮುಖ್ಯವಾದ ರಾಷ್ಟ್ರೀಕರಣ ಅದೇ, ಕಾಗದದ ಮೇಲೆ ಅದಕ್ಕೆ ಆ ಹೆಸರಿಲ್ಲದಿದ್ದರೂ.

ಉತ್ತರ 3: ಲೆಕ್ಕಪರಿಶೋಧಕ, ಮೈಸೂರು

ಎಂಜಿನಿಯರ್ ಸರ್ ಹೇಳಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇನ್ನೊಂದು ಮಗ್ಗುಲನ್ನೂ ಪ್ರಬಂಧದಲ್ಲಿ ಸೇರಿಸಬೇಕು, ಇಲ್ಲವಾದರೆ 1948ರಿಂದ 1990ರವರೆಗಿನ ಸರ್ಕಾರಿ ರೈಲ್ವೆ ಸುವರ್ಣಯುಗವಾಗಿತ್ತೆಂಬ ಭಾವನೆ ಬರುತ್ತದೆ.

1955ರಲ್ಲಿ 124 ಕೋಟಿ ಪೌಂಡ್ ವೆಚ್ಚದ ಆಧುನೀಕರಣ ಯೋಜನೆ ಪ್ರಕಟವಾಯಿತು. ಬಿಡಿ ಬಿಡಿ ವ್ಯಾಗನ್ನುಗಳ ಸರಕು ಸಾಗಣೆಯು ಲಾರಿಗಳ ಪಾಲಾಗುತ್ತಿದ್ದ ಕಾಲದಲ್ಲಿ, ಅಂತಹ ವ್ಯಾಗನ್ನುಗಳನ್ನು ವಿಂಗಡಿಸಲೆಂದೇ ಬೃಹತ್ ಯಾರ್ಡುಗಳನ್ನು ಕಟ್ಟಿದರು. ಸರಿಯಾಗಿ ಪರೀಕ್ಷಿಸದೆಯೇ ಹಲವು ಮಾದರಿಯ ಡೀಸೆಲ್ ಎಂಜಿನ್ನುಗಳನ್ನು ರಾಶಿಗಟ್ಟಲೆ ತರಿಸಿದರು. ಅದೇ ವೇಳೆಗೆ ಉಗಿ ಎಂಜಿನ್ನುಗಳ ತಯಾರಿಕೆಯೂ ನಿಲ್ಲಲಿಲ್ಲ; ಬ್ರಿಟಿಷ್ ರೈಲ್ವೇಸ್‌ಗಾಗಿ ತಯಾರಾದ ಕಡೆಯ ಉಗಿ ಎಂಜಿನ್ 1960ರಲ್ಲಿ ಸ್ವಿಂಡನ್ ಕಾರ್ಖಾನೆಯಿಂದ ಹೊರಬಂದು ಐದೇ ವರ್ಷದಲ್ಲಿ ನಿವೃತ್ತವಾಯಿತು. ದಶಕಗಳ ಕಾಲ ದುಡಿಯಬೇಕಾದ ಯಂತ್ರ ಅದು. ಲೆಕ್ಕ ಕೇಳುವ ಷೇರುದಾರನೊಬ್ಬನಿದ್ದಿದ್ದರೆ ಇದು ಹೀಗೆ ಸಾಗುತ್ತಿರಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ಖರ್ಚಿನ ಬೆನ್ನಿಗೇ ಬಂದದ್ದು ಸರ್ಕಾರಿ ರೈಲ್ವೆ ಮಂಡಳಿಯ ಅಧ್ಯಕ್ಷ ಡಾ. ಬೀಚಿಂಗ್ ಅವರ 1963ರ ವರದಿ. ಒಟ್ಟು ಮಾರ್ಗದ ಮೂರನೆಯ ಒಂದು ಭಾಗದಲ್ಲಿ ಪ್ರಯಾಣಿಕ ಸಂಚಾರದ ಶೇ 1 ಮಾತ್ರ ನಡೆಯುತ್ತಿದೆಯೆಂದು ಲೆಕ್ಕ ತೋರಿಸಿ, ಸುಮಾರು 5,000 ಮೈಲಿ ಮಾರ್ಗವನ್ನೂ 2,363 ನಿಲ್ದಾಣಗಳನ್ನೂ ಮುಚ್ಚಬೇಕೆಂದು ಅವರು ಸೂಚಿಸಿದರು. ಕನ್ಸರ್ವೇಟಿವ್ ಸರ್ಕಾರ ಆರಂಭಿಸಿದ ಮುಚ್ಚುವಿಕೆಯನ್ನು ಲೇಬರ್ ಸರ್ಕಾರ ಮುಂದುವರಿಸಿತು. 1969ರ ಜನವರಿಯಲ್ಲಿ ಎಡಿನ್‌ಬರೋ–ಕಾರ್ಲೈಲ್ ನಡುವಿನ ವೇವರ್ಲಿ ಮಾರ್ಗದ ಕೊನೆಯ ರಾತ್ರಿ ರೈಲು ಬಂದಾಗ ನ್ಯೂಕ್ಯಾಸಲ್‌ಟನ್ ಎಂಬ ಹಳ್ಳಿಯ ಜನ ಲೆವೆಲ್ ಕ್ರಾಸಿಂಗ್ ಗೇಟು ಮುಚ್ಚಿ ಹಳಿಯ ಮೇಲೆ ನಿಂತರು. ಊರಿನ ಪಾದ್ರಿಯನ್ನು ಪೊಲೀಸರು ಹಿಡಿದುಕೊಂಡು ಹೋದರು. ಜನರ ಆಸ್ತಿಯೆಂದು ಕರೆಸಿಕೊಂಡ ರೈಲ್ವೆಯನ್ನು ಉಳಿಸಿಕೊಳ್ಳಲು ಜನರೇ ಅಡ್ಡನಿಲ್ಲಬೇಕಾಯಿತು. ಆ ಮಾರ್ಗದ ಉತ್ತರದ ತುಂಡೊಂದು ಮತ್ತೆ ತೆರೆದದ್ದು 2015ರಲ್ಲಿ.

ಖಾಸಗೀಕರಣ ಎಲ್ಲೆಡೆಯೂ ಸೋಲಲಿಲ್ಲ ಎಂಬುದಕ್ಕೆ ಲಾರಿ ಸಾಗಣೆಯನ್ನು ನೋಡಿ. ಸರ್ಕಾರದ ಕೈಯಲ್ಲಿದ್ದ ನ್ಯಾಷನಲ್ ಫ್ರೈಟ್ ಸಂಸ್ಥೆಯನ್ನು 1982ರಲ್ಲಿ ಅದರ ನೌಕರರೇ ಸೇರಿ ಸುಮಾರು 5.3 ಕೋಟಿ ಪೌಂಡ್‌ಗೆ ಕೊಂಡರು. ಚಾಲಕರೂ ಗುಮಾಸ್ತರೂ ಪಿಂಚಣಿದಾರರೂ ಷೇರುದಾರರಾದರು, ಸಂಸ್ಥೆ ಬೆಳೆಯಿತು, ಹಣ ಹಾಕಿದವರಿಗೆ ಹಲವು ಪಟ್ಟು ಮರಳಿ ಬಂತು. ಲಾರಿಗೆ ಸ್ವಂತ ರಸ್ತೆ ಬೇಡ. ಒಬ್ಬನ ಸೇವೆ ಸರಿಯಿಲ್ಲದಿದ್ದರೆ ಗಿರಾಕಿ ಇನ್ನೊಬ್ಬನ ಬಳಿ ಹೋಗುತ್ತಾನೆ. ಹಳಿಯಲ್ಲಿ ಆ ಸ್ವಾತಂತ್ರ್ಯವಿಲ್ಲ. ಹಾಗಾಗಿ ಸಾರಿಗೆ ಎಂಬ ಒಂದೇ ಪದದ ಕೆಳಗೆ ಎಲ್ಲವನ್ನೂ ಕೂಡಿಸಿ ತೀರ್ಪು ಕೊಡುವುದು ಸರಿಯಲ್ಲ. ಪ್ರಯಾಣಿಕರ ಸಂಖ್ಯೆಯನ್ನೂ ಮರೆಯಬೇಡಿ: ಖಾಸಗೀಕರಣದ ಹೊತ್ತಿಗೆ ವರ್ಷಕ್ಕೆ ಸುಮಾರು 73 ಕೋಟಿಯಿದ್ದ ರೈಲು ಪ್ರಯಾಣಗಳು ಕೋವಿಡ್‌ಗೆ ಮುಂಚೆ 175 ಕೋಟಿಯ ಆಸುಪಾಸಿಗೆ ಏರಿದ್ದವು.

ಉತ್ತರ 4: ಯಾರ್ಕ್‌ನಲ್ಲಿರುವ ಕನ್ನಡಿಗ

ಪ್ರಯಾಣಿಕರು ಹೆಚ್ಚಿದ್ದು ನಿಜ. ಆದರೆ ಲಂಡನ್ನಿನ ಉದ್ಯೋಗಗಳು ಹೆಚ್ಚಿದ್ದು, ರಸ್ತೆಗಳು ಗಿಜಿಗುಟ್ಟಿದ್ದು, ರೈಲು ಮಾರ್ಗಗಳಿಗೆ ಸರ್ಕಾರವೇ ಹಣ ಸುರಿದದ್ದು ಎಲ್ಲವೂ ಅದೇ ಅವಧಿಯಲ್ಲಿ. ಅದರ ಶ್ರೇಯಸ್ಸನ್ನು ಒಡೆತನವೊಂದಕ್ಕೇ ಕೊಡುವುದು ಕಷ್ಟ.

ನಾನು ಈ ಊರಿಗೆ ಬಂದದ್ದು 2005ರಲ್ಲಿ. ಅಂದಿನಿಂದ ಕೆಲಸದ ನಿಮಿತ್ತ ಲಂಡನ್ನಿನ ಕಿಂಗ್ಸ್ ಕ್ರಾಸ್‌ಗೆ ಹೋಗಿಬರುತ್ತಲೇ ಇದ್ದೇನೆ. ಮೊದಲು ಕಡುನೀಲಿ ಬಣ್ಣದ ಬೋಗಿ, ಕೆಂಪು ಪಟ್ಟಿ. ಅದು ಜಿಎನ್‌ಇಆರ್ ಕಂಪನಿಯ ಕಾಲ. ಸರ್ಕಾರಕ್ಕೆ ಕೊಡುತ್ತೇವೆಂದು ಒಪ್ಪಿದ್ದ ಹಣವನ್ನು ಹೊಂದಿಸಲಾರದೆ ಆ ಕಂಪನಿ 2007ರಲ್ಲಿ ಹೊರಟುಹೋಯಿತು. ನಂತರ ಬಂದ ನ್ಯಾಷನಲ್ ಎಕ್ಸ್‌ಪ್ರೆಸ್ 2009ರಲ್ಲಿ ಗುತ್ತಿಗೆ ಬಿಟ್ಟುಕೊಟ್ಟಿತು. ಆಗ ಸರ್ಕಾರವೇ ಐದು ವರ್ಷಕ್ಕೂ ಮಿಗಿಲಾಗಿ ಓಡಿಸಿತು, ಬೊಕ್ಕಸಕ್ಕೆ ಹಣವನ್ನೂ ಕಟ್ಟಿತು. 2015ರಲ್ಲಿ ಮತ್ತೆ ಖಾಸಗಿ, ಈ ಸಲ ವರ್ಜಿನ್ ಹೆಸರಿನ ಕೆಂಪು ಬಣ್ಣ. 2018ರ ಜೂನ್‌ನಲ್ಲಿ ಮತ್ತೆ ಸರ್ಕಾರ. ಅಷ್ಟೂ ವರ್ಷ ನಾನು ಹತ್ತುತ್ತಿದ್ದದ್ದು ಅವವೇ ಹಳೆಯ ಬೋಗಿಗಳನ್ನು. ಬಾಗಿಲ ಬಳಿ ಹಳೆಯ ಬಣ್ಣ ಕೆತ್ತಿಹೋದ ಕಡೆ ಅದಕ್ಕೂ ಹಿಂದಿನ ಬಣ್ಣ ಕಾಣುತ್ತಿತ್ತು. ಟಿಕೆಟ್ ನೋಡುವ ಒಬ್ಬ ಹಿರಿಯರು ನನಗೆ ಮುಖಪರಿಚಯ. ಅವರ ಕೋಟಿನ ಮೇಲಿನ ಬಿಲ್ಲೆ ಬದಲಾಗುತ್ತಿತ್ತು, ಅವರು ಬದಲಾಗಲಿಲ್ಲ. ಅಪಾಯವನ್ನು ಖಾಸಗಿಯವರು ಹೊರುತ್ತಾರೆಂಬ ವಾದದ ಮೇಲೆ ನಿಂತಿದ್ದ ಈ ವ್ಯವಸ್ಥೆಯಲ್ಲಿ ಕಷ್ಟ ಬಂದಾಗಲೆಲ್ಲ ಹೊತ್ತದ್ದು ಸರ್ಕಾರ.

ಬಸ್ಸಿನ ವಿಷಯವನ್ನು ಯಾರೂ ಎತ್ತಲಿಲ್ಲವಾದ್ದರಿಂದ ಒಂದು ಮಾತು. 1986ರ ಅಕ್ಟೋಬರ್ 26ರಿಂದ ಲಂಡನ್ ಹೊರತು ಬ್ರಿಟನ್ನಿನ ಉಳಿದೆಡೆ ಯಾವ ಕಂಪನಿ ಬೇಕಾದರೂ ಯಾವ ಮಾರ್ಗದಲ್ಲಾದರೂ ಬಸ್ ಓಡಿಸಬಹುದೆಂದಾಯಿತು. ಲಂಡನ್ನಿನಲ್ಲಿ ಮಾತ್ರ ಮಾರ್ಗ, ದರ, ವೇಳೆಗಳನ್ನು ಸಾರ್ವಜನಿಕ ಸಂಸ್ಥೆಯೇ ತೀರ್ಮಾನಿಸಿ, ಓಡಿಸುವುದನ್ನಷ್ಟೇ ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು. ಎರಡೂ ಕಡೆ ಬಸ್ಸಿನ ಒಡೆಯರು ಖಾಸಗಿಯವರೇ ಆದರೂ ಲಂಡನ್ನಿನಲ್ಲಿ ಪ್ರಯಾಣಿಕರು ಹೆಚ್ಚಿದರು, ಉಳಿದ ನಗರಗಳಲ್ಲಿ ಕುಸಿದರು. ಮ್ಯಾಂಚೆಸ್ಟರ್ ಮಹಾನಗರ 2023ರಿಂದ 2025ರ ಜನವರಿಯೊಳಗೆ ತನ್ನ ಬಸ್ಸುಗಳನ್ನೆಲ್ಲ ಲಂಡನ್ನಿನ ಪದ್ಧತಿಗೆ ತಂದುಕೊಂಡಿತು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಎರಡು ಅನುಮಾನ ಉಳಿದಿವೆ. 1933ರ ಲಂಡನ್ ಮಂಡಳಿಯನ್ನು ಕನ್ಸರ್ವೇಟಿವರು ಒಪ್ಪಿದ್ದು ಹೇಗೆ? ಎರಡನೆಯದಾಗಿ, ಈ ಚರ್ಚೆಗೆ ಭಾರತದೊಂದಿಗೆ ನಿಜವಾದ ಸಂಬಂಧವೇನಾದರೂ ಇದೆಯೇ? ಇನ್ನೊಂದು ಮಾತು: 2024ರ ಕಾಯ್ದೆಯ ನಂತರ ಎಲ್ಲವೂ ಸರ್ಕಾರದ್ದೇ ಆಗುತ್ತದೆಯೇ?

ಉತ್ತರ 1ರವರಿಂದ ಮತ್ತೆ

ಲಂಡನ್ ಮಂಡಳಿಯ ಯೋಜನೆ ಲೇಬರ್ ಸಚಿವ ಹರ್ಬರ್ಟ್ ಮಾರಿಸನ್ ಅವರದು. ಅವರ ಸರ್ಕಾರ 1931ರಲ್ಲಿ ಬಿದ್ದರೂ ಮಸೂದೆ ಉಳಿದುಕೊಂಡಿತು; ಕಾರಣ, ಸುರಂಗ ರೈಲಿನ ಖಾಸಗಿ ಒಕ್ಕೂಟದ ಮುಖ್ಯಸ್ಥ ಲಾರ್ಡ್ ಆ್ಯಶ್‌ಫೀಲ್ಡ್ ಅವರಿಗೂ ಅದು ಬೇಕಾಗಿತ್ತು. ಬಸ್ಸಿನ ಲಾಭದಿಂದ ಸುರಂಗದ ಖರ್ಚು ತುಂಬುತ್ತಿದ್ದ ಅವರಿಗೆ ಬೀದಿಯಲ್ಲಿ ಪೈಪೋಟಿಗಿಳಿದ ಸಣ್ಣ ಬಸ್ಸಿನವರ ಕಾಟ ತಡೆಯಲಾಗುತ್ತಿರಲಿಲ್ಲ. ಮಂಡಳಿಯ ಸದಸ್ಯರನ್ನು ಸಚಿವರ ಬದಲು ಪ್ರತ್ಯೇಕ ನೇಮಕ ಸಮಿತಿಯೊಂದು ಆರಿಸುವಂತೆ ತಿದ್ದಿದ್ದರಿಂದ ಕನ್ಸರ್ವೇಟಿವರಿಗೂ ಒಪ್ಪಿಗೆಯಾಯಿತು. ಖಾಸಗಿ ಒಕ್ಕೂಟದ ಆ್ಯಶ್‌ಫೀಲ್ಡ್ ಅವರೇ ಸಾರ್ವಜನಿಕ ಮಂಡಳಿಯ ಮೊದಲ ಅಧ್ಯಕ್ಷರಾದರು.

ಭಾರತದ ಸಂಬಂಧ ಖಂಡಿತ ಇದೆ, ಅದು ನೋವಿನದೂ ಹೌದು. ತಮ್ಮ ದೇಶದಲ್ಲಿ ರೈಲ್ವೆ ಷೇರಿನ ನಷ್ಟವನ್ನು ತಾವೇ ಹೊತ್ತ ಬ್ರಿಟಿಷ್ ಹೂಡಿಕೆದಾರರಿಗೆ ಭಾರತದಲ್ಲಿ ಶೇ 5ರ ಬಡ್ಡಿಯ ಖಾತರಿ ಸಿಕ್ಕಿತ್ತು; ಆದಾಯ ಸಾಲದಿದ್ದರೆ ಅದನ್ನು ತುಂಬುತ್ತಿದ್ದದ್ದು ಇಲ್ಲಿನ ರೈತನ ಕಂದಾಯ. 1920–21ರಲ್ಲಿ ಈ ವ್ಯವಸ್ಥೆಯನ್ನು ಪರಿಶೀಲಿಸಲು ಬಂದ ಸಮಿತಿಯ ಅಧ್ಯಕ್ಷ ಸರ್ ವಿಲಿಯಂ ಆ್ಯಕ್‌ವರ್ತ್ ತಮ್ಮ ನಾಡಿನಲ್ಲಿ ಸರ್ಕಾರಿ ಒಡೆತನವನ್ನು ಒಪ್ಪದ ಅರ್ಥಶಾಸ್ತ್ರಜ್ಞರು. ಆದರೆ ಆಸ್ತಿಯ ಬಹುಪಾಲು ಭಾರತ ಸರ್ಕಾರದ್ದಾಗಿದ್ದು, ಆಡಳಿತ ಮಾತ್ರ ಲಂಡನ್ನಿನಲ್ಲಿ ಕುಳಿತ ನಿರ್ದೇಶಕರ ಕೈಯಲ್ಲಿರುವುದನ್ನು ಕಂಡು, ಇಲ್ಲಿ ಸರ್ಕಾರವೇ ನಡೆಸಬೇಕೆಂಬ ಪಕ್ಷಕ್ಕೆ ನಿಂತರು. 1925ರಲ್ಲಿ ಈಸ್ಟ್ ಇಂಡಿಯನ್ ರೈಲ್ವೆ ಮತ್ತು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಗಳು ಸರ್ಕಾರದ ಆಡಳಿತಕ್ಕೆ ಬಂದವು, ಬ್ರಿಟನ್ನಿಗಿಂತ 23 ವರ್ಷ ಮೊದಲು.

ಉತ್ತರ 4ರವರಿಂದ ಮತ್ತೆ

ಮೇಡಂ, ತಮ್ಮ ಕೊನೆಯ ಪ್ರಶ್ನೆಗೆ: ಇಲ್ಲ, ಎಲ್ಲವೂ ಆಗುವುದಿಲ್ಲ. 2025ರ ಮೇ 25ರಂದು ಸೌತ್ ವೆಸ್ಟರ್ನ್ ರೈಲ್ವೆ ಈ ಕಾಯ್ದೆಯಡಿ ಮೊದಲನೆಯದಾಗಿ ಸರ್ಕಾರದ ಕೈಸೇರಿತು. ಉಳಿದವು ಸರದಿಯಂತೆ ಬರುತ್ತಿವೆ. ಆದರೆ ಸರಕು ರೈಲುಗಳು ಖಾಸಗಿಯಾಗಿಯೇ ಉಳಿಯುತ್ತವೆ. ಬೋಗಿಗಳನ್ನು ಬಾಡಿಗೆಗೆ ಕೊಡುವ ಕಂಪನಿಗಳೂ ಹಾಗೆಯೇ. ಆ ಮೂರು ಕಂಪನಿಗಳಲ್ಲಿ ಪೋರ್ಟರ್‌ಬ್ರೂಕ್ ಎಂಬುದನ್ನು ಸರ್ಕಾರ 1996ರ ಆರಂಭದಲ್ಲಿ ಸುಮಾರು 53 ಕೋಟಿ ಪೌಂಡ್‌ಗೆ ಮಾರಿತ್ತು; ಕೊಂಡವರು ಅದೇ ವರ್ಷ ಅದನ್ನು 80 ಕೋಟಿ ಪೌಂಡ್‌ಗೂ ಮೀರಿದ ಬೆಲೆಗೆ ಸ್ಟೇಜ್‌ಕೋಚ್ ಕಂಪನಿಗೆ ಮಾರಿದರು. ಇಂದು ಸರ್ಕಾರವೇ ಓಡಿಸುವ ರೈಲುಗಳಿಗೂ ಬೋಗಿಗಳ ಬಾಡಿಗೆ ಇಂತಹ ಕಂಪನಿಗಳಿಗೆ ಸಲ್ಲುತ್ತಿದೆ.